ಒಂದೇ ಉಸಿರಿನ ಸಾಲು

ಬೆಳಗಿನ ಜಾವ. ಶಾಲೆಯೊಂದರ ಹಳೇ ಸಭಾಂಗಣ. ಅದರ ಪಕ್ಕದ ಅಡುಗೆಕೋಣೆಯಲ್ಲಿ ಗಡ್ಡದವರೊಬ್ಬರು ಫ್ರಿಜ್ಜಿನ ಬಾಗಿಲು ತೆಗೆದು, ತಮ್ಮ ಕಾರಿನ ಕೀಲಿಯನ್ನು ಹಾಲಿನ ಬಾಟಲಿಯ ಪಕ್ಕ ಇಟ್ಟು, ಬಾಗಿಲು ಮುಚ್ಚಿ, ಗೋಡೆಯಿಂದ ಪ್ಲಗ್ಗು ಕಿತ್ತುಹಾಕುತ್ತಾರೆ. ಇವರಿಗೇನು ತಲೆ ಕೆಟ್ಟಿದೆಯೇ ಅಂದುಕೊಳ್ಳಬೇಡಿ. ಇವರು ಹಾಡುಗಳನ್ನು ರೆಕಾರ್ಡ್ ಮಾಡುವವರು. ಫ್ರಿಜ್ಜಿನ ಗುಂಯ್ ಸದ್ದು ಗೋಡೆ ದಾಟಿ ಮೈಕಿಗೆ ಬಂದು ಕೂರುತ್ತದೆ, ಅದಕ್ಕೇ ಆರಿಸುವುದು. ಆರಿಸಿದ್ದನ್ನು ಮತ್ತೆ ಹಾಕಲು ಮರೆತರೆ ಶಾಲೆಯವರ ಹಾಲು ಒಡೆದುಹೋಗುತ್ತದೆ. ಕೀಲಿ ಒಳಗಿದ್ದರೆ ಮನೆಗೆ ಹೊರಡುವ ಮುಂಚೆ ಫ್ರಿಜ್ಜಿನ ಹತ್ತಿರ ಬರಲೇಬೇಕಲ್ಲ! ಎಲ್ಲರೂ ಇವರನ್ನು ಕರೆಯುವುದು 'ಕಿವಿ' ಅಂತಲೇ. ಅವರಿಗೂ ಬೇಜಾರಿಲ್ಲ.

ಒಳಗೆ, ಮರದ ನೆಲದ ಸಭಾಂಗಣದಲ್ಲಿ, ಎಲ್ಲರೂ 'ಅಕ್ಕ' ಅನ್ನುವ ಗಾಯಕಿ ಚಪ್ಪಲಿ ಬಿಡುತ್ತಿದ್ದಾರೆ. ಆಮೇಲೆ ಕೈಗಡಿಯಾರ, ಆಮೇಲೆ ಓಲೆ, ಆಮೇಲೆ ಜೇಬಿನಲ್ಲಿದ್ದ ಮನೆಯ ಬೀಗದ ಕೈ, ಎಲ್ಲವೂ ಒಂದೊಂದಾಗಿ ಕಿಟಕಿಯ ಕಟ್ಟೆ ಸೇರುತ್ತವೆ. ಮೈಮೇಲಿರುವುದು ಒಗೆದು ಒಗೆದು ಮೆತ್ತಗಾದ ಹತ್ತಿಯ ಅಂಗಿ. ಹೊಸ ಬಟ್ಟೆಯಾದರೆ ಕೈ ಎತ್ತಿದಾಗೆಲ್ಲ ಸರಭರ ಅನ್ನುತ್ತದೆ. ಬರುವ ದಾರಿಯಲ್ಲೇ ಎರಡು ತುಂಡು ಬ್ರೆಡ್ ತಿಂದಿದ್ದಾರೆ. ಹೊಟ್ಟೆ ಬಿರಿಯ ತಿಂದರೆ ಹಾಡಲಾಗುವುದಿಲ್ಲ. ಖಾಲಿ ಬಿಟ್ಟರೆ ಅದೇ ಹಾಡಲು ಶುರುಮಾಡುತ್ತದೆ.

"ಮೊನ್ನೆ ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ? ಮುಗೀತು ಅನ್ನೋಷ್ಟರಲ್ಲಿ ನನ್ನ ಹೊಟ್ಟೆ ಗುರ್ರ್ ಅಂತು. ಹಾಡು ಪೂರ್ತಿ ಮತ್ತೆ ಮೊದಲಿಂದ," ಎಂದು ಅಕ್ಕ ನಗುತ್ತಾರೆ. "ಈ ಮೈಕಿಗೆ ಒಂದು ಚೂರೂ ದಾಕ್ಷಿಣ್ಯ ಇಲ್ಲ ಕಣ್ರೀ."

ಪಿಯಾನೊ ಮೇಷ್ಟ್ರು ಕುರ್ಚಿಗೆ ಎಣ್ಣೆ ಬಿಟ್ಟು, ಕೂತು, ಎದ್ದು, ಮತ್ತೆ ಕೂತು ಪರೀಕ್ಷೆ ಮಾಡುತ್ತಿದ್ದಾರೆ. ಕಿರ್ ಅನ್ನುತ್ತಿಲ್ಲ, ಸದ್ಯ. ಮೇಷ್ಟ್ರಿಗೆ ಇನ್ನೊಂದು ಚಾಳಿಯಿದೆ. ನುಡಿಸುವಾಗ ತಮಗೇ ಗೊತ್ತಾಗದ ಹಾಗೆ ಗುನುಗುತ್ತಾರೆ. ಅದಕ್ಕೆ ಅಕ್ಕನೇ ಕಂಡುಹಿಡಿದ ಮದ್ದು ಪೆಪ್ಪರ್‌ಮಿಂಟು. ಹಾಡಿಗೆ ಮುಂಚೆ ಒಂದನ್ನು ಮೇಷ್ಟ್ರ ಬಾಯಿಗೆ ಹಾಕಿದರೆ ಹಾಡು ಮುಗಿಯುವತನಕ ತುಟಿ ಬಿಚ್ಚುವುದಿಲ್ಲ.

ಇಷ್ಟೆಲ್ಲ ಸಡಗರ ಯಾವುದಕ್ಕೆ ಅಂತೀರಾ? ದೊಡ್ಡ ದೊಡ್ಡ ಒಪೆರಾಗಳಿಗೆ, ಅಂದರೆ ಮಾತೆಲ್ಲ ಹಾಡೇ ಆಗಿರುವ ನಾಟಕಗಳಿಗೆ, ಸಂಗೀತ ಕಟ್ಟಿ ಜಗತ್ತಿಗೆಲ್ಲ ಗೊತ್ತಾಗಿ ಯಾವತ್ತೋ ತೀರಿಕೊಂಡ ಒಬ್ಬ ಮಹಾನುಭಾವ ಪುಟಾಣಿ ಹಾಡುಗಳನ್ನೂ ಬರೆದಿಟ್ಟಿದ್ದಾನೆ. ಒಬ್ಬರು ಹಾಡುವುದಕ್ಕೆ, ಒಬ್ಬರು ಪಿಯಾನೊ ನುಡಿಸುವುದಕ್ಕೆ, ಅಷ್ಟೇ. ಅವುಗಳಲ್ಲಿ ರಾಜಕುಮಾರಿಯರಿಲ್ಲ, ವಿಷ ಕುಡಿದು ಸಾಯುವವರಿಲ್ಲ. ಒಲೆ ಊದುವವಳಿದ್ದಾಳೆ, ಮಗುವಿನ ಕಾಲ್ಚೀಲ ಹುಡುಕುವ ಅಪ್ಪ ಇದ್ದಾನೆ. ಹೆಸರಾಂತ ಗಾಯಕಿಯರು ಇವನ್ನು ಮೂಸಿಯೂ ನೋಡುವುದಿಲ್ಲ. ಚಪ್ಪಾಳೆ ಬೀಳುವ ಜಾಗವೇ ಇಲ್ಲವಲ್ಲ ಇವುಗಳಲ್ಲಿ! ಈಗ ಅವನ್ನು ಹಾಡಿ ಒಂದು ಆಲ್ಬಂ ಮಾಡಲು ಹೊರಟಿರುವವರು ನಮ್ಮ ಅಕ್ಕ. ಇವತ್ತು ಕೊನೆಯ ದಿನ, ಉಳಿದಿರುವುದು ಒಂದೇ ಹಾಡು. ಏಳು ಗಂಟೆಗೆ ಬಡಗಿಗಳು ಬಂದು ಸಭಾಂಗಣದ ನೆಲ ಕೀಳಲು ಶುರುಮಾಡುತ್ತಾರೆ.

ಅಕ್ಕನದು ಮೆಝೊ-ಸೊಪ್ರಾನೊ ದನಿ. ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಮೇಲೆ ಹಾರುವುದು ಸೊಪ್ರಾನೊ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಇದು. ಒಪೆರಾದಲ್ಲಿ ನಾಯಕಿಯ ಪಾತ್ರ ಹೆಚ್ಚಾಗಿ ಸೊಪ್ರಾನೊ ಪಾಲಿಗೆ ಹೋಗುತ್ತದೆ. ಮೆಝೊಗೆ ಉಳಿಯುವುದು ದಾದಿ, ಮಾಟಗಾತಿ, ಇಲ್ಲವೇ ನಾಯಕಿಯ ಗಂಡನ ಮೇಲೆ ಕಣ್ಣು ಹಾಕುವವಳು. ಅಕ್ಕನಿಗೆ ಅದೂ ಸಿಕ್ಕಿದ್ದಿಲ್ಲ. ಒಪೆರಾ ರಂಗಮಂದಿರದ ಮೇಳದಲ್ಲಿ, ಎರಡನೇ ಸಾಲಿನಲ್ಲಿ, ಮೂವತ್ತು ವರ್ಷದ ಹತ್ತಿರ ಹತ್ತಿರ ನಿಂತು ಹಾಡಿದ್ದಾರೆ. ಜೈಲಿನ ಕೈದಿ, ಮದುವೆಮನೆಯ ನೆಂಟಳು, ಕಳ್ಳಸಾಗಣೆಯವಳು, ದೆವ್ವ. ಒಂದೇ ಸಂಜೆಯಲ್ಲಿ ಇವರಲ್ಲಿ ಮೂವರಾಗಿದ್ದೂ ಉಂಟು.

"ನಾಯಕಿ ಪ್ರೀತಿ ಮಾಡ್ತಾಳೆ, ಸಾಯ್ತಾಳೆ. ನಾವು ಹಿಂದೆ ನಿಂತು ಅಯ್ಯೋ ಅಂತೀವಿ. ಅಯ್ಯೋ ಅನ್ನೋದರಲ್ಲಿ ನಾನು ಎತ್ತಿದ ಕೈ," ಎನ್ನುತ್ತಾರೆ.

ಮೇಳಕ್ಕೆ ಸೇರಿದ ಕಥೆಯೂ ಹಾಗೇ. ಅಕ್ಕನ ತಾಯಿಯದು ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ರಂಗಮಂದಿರದ ವೇಷದ ಬಟ್ಟೆಗಳು ಅಲ್ಲಿಗೇ ಬರುತ್ತಿದ್ದವು. ಒಂದು ದಿನ ಇಸ್ತ್ರಿ ಮಾಡಿದ ಬಟ್ಟೆಯ ಗಂಟು ಹೊತ್ತು ಅಕ್ಕ ಹೋದಾಗ ಮೇಳದ ಒಬ್ಬಾಕೆ ಜ್ವರ ಬಂದು ಮಲಗಿದ್ದಳು. ಅವಳ ಉಡುಪು ಹೊಲಿದು ಸಿದ್ಧವಾಗಿತ್ತು. ಬಟ್ಟೆಯ ಉಸ್ತುವಾರಿಯವರು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ಹಾಡೋಕೆ ಬರುತ್ತಾ?" ಅಂದರಂತೆ. "ಬರುತ್ತೆ ಅಂದೆ. ಅಂಗಡೀಲಿ ಇಸ್ತ್ರಿ ಹಿಡ್ಕೊಂಡು ಹಾಡ್ತಾನೇ ಇದ್ದೆನಲ್ಲ. ನನ್ನ ದನಿ ನೋಡಿ ತಗೊಂಡ್ರು ಅಂತ ಊರೆಲ್ಲ ಹೇಳ್ಕೊಂಡು ಬಂದಿದೀನಿ. ನಿಜ ಹೇಳ್ತೀನಿ, ಸೊಂಟದ ಅಳತೆ ನೋಡಿ ತಗೊಂಡ್ರು!"

ಸೊಂಟದ ಅಳತೆಗೆ ಸಿಕ್ಕ ಕೆಲಸವನ್ನು ಉಳಿಸಿಕೊಳ್ಳಲು ಅಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. ಸಂಗೀತ ಓದಲು ಬರುತ್ತಿರಲಿಲ್ಲ. ಪಕ್ಕದವರ ಬಾಯಿ ನೋಡಿಕೊಂಡು ಕಲಿತರು. ಬೆಳಿಗ್ಗೆ ಗಂಡನ ಜೊತೆ ಅಂಗಡಿ, ಹನ್ನೊಂದಕ್ಕೆ ತಾಲೀಮು, ಸಂಜೆ ಪ್ರದರ್ಶನ. ಮಗಳು ಬೆಳೆದದ್ದು ರಂಗದ ಹಿಂದೆ, ಕಿರೀಟಗಳ ಪೆಟ್ಟಿಗೆಯ ಪಕ್ಕ. ಗಂಟೆಗಟ್ಟಲೆ ನಿಂತು ನಿಂತು ಕಾಲಿನ ನರಗಳು ಉಬ್ಬಿಕೊಂಡಿವೆ. ಒಮ್ಮೆ ನಾಯಕನ ಬೂಟುಗಾಲು ಇವರ ಹೆಬ್ಬೆರಳಿನ ಮೇಲೆ ಬಿದ್ದು ಉಗುರೇ ಹೋಯಿತು. ಅವತ್ತಿನ ಪಾತ್ರ ನಗುನಗುತ್ತಾ ಹೂವು ಎರಚುವ ಹುಡುಗಿಯದು. ಅಕ್ಕ ನಗುನಗುತ್ತಲೇ ಎರಚಿದರು.

ಇಷ್ಟು ದುಡಿದವರ ಹೆಸರು ಪ್ರದರ್ಶನದ ಹೊತ್ತಗೆಯಲ್ಲಿ ಎಲ್ಲಿರುತ್ತದೆ ಅಂತ ಹುಡುಕಿದರೆ, ಕಟ್ಟಕಡೆಯ ಪುಟದಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದ ಅಕ್ಷರದಲ್ಲಿ 'ಮತ್ತು ಮೇಳ' ಅಂತ ಇರುತ್ತದೆ. ಅದರ ಕೆಳಗಿನ ಸಾಲಿನಲ್ಲಿರುವ, ಪರದೆ ಹೊಲಿದುಕೊಟ್ಟ ಅಂಗಡಿಯ ಹೆಸರು ಅದಕ್ಕಿಂತ ದಪ್ಪಗಿರುತ್ತದೆ. ಏನನ್ನಬೇಕೋ ಇದಕ್ಕೆ!

ರಂಗಮಂದಿರದ ಧ್ವನಿಮುದ್ರಣಗಳು ಮನೆಯಲ್ಲಿ ಬೇಕಾದಷ್ಟಿವೆ. ಎಲ್ಲದರಲ್ಲೂ ಅಕ್ಕ ಹಾಡಿದ್ದಾರೆ. ತಾಯಿ ಬದುಕಿದ್ದಾಗ ಸ್ಪೀಕರಿಗೆ ಕಿವಿ ಅಂಟಿಸಿಕೊಂಡು ಕೂರುತ್ತಿದ್ದರಂತೆ.

"'ಇದರಲ್ಲಿ ನೀನು ಯಾವುದೇ?' ಅಂತ ಕೇಳೋರು ಅಮ್ಮ. 'ಗೊತ್ತಾಗಲಿಲ್ಲ ಅಂದ್ರೆ ನಾನು ಸರಿಯಾಗಿ ಹಾಡಿದೀನಿ ಅಂತ ಅರ್ಥ ಅಮ್ಮಾ' ಅಂತಿದ್ದೆ. ನಮ್ಮ ಮೇಳದಲ್ಲಿ ಅದೇ ನಿಯಮ. ಒಬ್ಬರ ದನಿ ಬೇರೆಯಾಗಿ ಕೇಳಿಸಿದ್ರೆ ಗುರುಗಳು ಉಗೀತಾರೆ. ಆದ್ರೂ ಅಮ್ಮ ಹುಡುಕ್ತಾನೇ ಇದ್ರು," ಎನ್ನುವಾಗ ಅಕ್ಕನ ದನಿ ಸಣ್ಣಗಾಗುತ್ತದೆ. ಈ ಆಲ್ಬಂ ಯಾಕೆ ಅನ್ನುವುದಕ್ಕೆ ಇನ್ನು ಬೇರೆ ಉತ್ತರ ಬೇಕಿಲ್ಲ. ಈ ವರ್ಷದ ಪ್ರದರ್ಶನಗಳು ಮುಗಿದರೆ ಅಕ್ಕ ಮೇಳದಿಂದ ನಿವೃತ್ತಿ. ತಮ್ಮದು ಅಂತ ಗುರುತು ಹಿಡಿಯಬಹುದಾದ ಒಂದು ದನಿ ಎಲ್ಲಾದರೂ ಉಳಿಯಲಿ ಅನ್ನುವುದಷ್ಟೇ ಅವರ ಆಸೆ.

ಹಾಡುಗಳು ಸಿಕ್ಕಿದ್ದು ಅಕ್ಕನಿಗೊಬ್ಬರಿಗೇ ಅಲ್ಲ. ತಾಲೀಮು ಕೋಣೆಯ ಕಿಟಕಿ ಮುಚ್ಚಿಕೊಳ್ಳದ ಹಾಗೆ ಒಂದು ದಪ್ಪ ಪುಸ್ತಕ ಅಡ್ಡ ಇಟ್ಟಿರುತ್ತಿದ್ದರು. ಒಂದು ಮಧ್ಯಾಹ್ನ ಬಿಡುವಿನಲ್ಲಿ ಅದನ್ನು ಎಳೆದು ನೋಡಿದರೆ ಒಳಗೆ ಈ ಹಾಡುಗಳು. ಆ ಮಹಾನುಭಾವನ ಗಡ್ಡದ ಫೋಟೋ ಅದೇ ಕೋಣೆಯಲ್ಲಿ ತೂಗುತ್ತದೆ, ಮೇಳದವರು ಅವನನ್ನು ಕರೆಯುವುದು 'ದೊಡ್ಡಪ್ಪ' ಎಂದು. "ನೋಡೇ, ದೊಡ್ಡಪ್ಪ ನಮ್ಮಂಥೋರಿಗೂ ಬರೆದಿದಾನೆ," ಅಂದದ್ದು ಅಕ್ಕ. "ಅರ್ಧ ನಂದು, ಅರ್ಧ ನಿಂದು," ಅಂದದ್ದು ಪಕ್ಕದ್ಮನೆ.

ಪಕ್ಕದ್ಮನೆ ಅಂದರೆ ಅಕ್ಕನ ಎಡಗಡೆ ನಿಂತು ಇಷ್ಟು ಕಾಲ ಹಾಡಿದ ಗೆಳತಿ. ಅವರ ನಿಜವಾದ ಮನೆ ಊರಿನ ಇನ್ನೊಂದು ತುದಿಯಲ್ಲಿದೆ. ಆದರೆ ಮನೆಯಲ್ಲಿ ಗಂಡನ ಪಕ್ಕ ಕೂತಿದ್ದಕ್ಕಿಂತ ಹೆಚ್ಚು ಹೊತ್ತು ಇವರಿಬ್ಬರೂ ಒಬ್ಬರ ಪಕ್ಕ ಒಬ್ಬರು ನಿಂತಿದ್ದಾರೆ, ಅದಕ್ಕೇ ಆ ಹೆಸರು. ಎರಡು ವರ್ಷದ ಹಿಂದೆ ಪಕ್ಕದ್ಮನೆಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಹಾಡು ಹೋಯಿತು. ಈಗ ಮಾತಾಡಿದರೆ ಒಣ ಎಲೆಯ ಮೇಲೆ ನಡೆದ ಹಾಗೆ ಕೇಳಿಸುತ್ತದೆ. ಅರ್ಧರ್ಧ ಹಂಚಿಕೊಂಡಿದ್ದ ಹಾಡುಗಳೆಲ್ಲ ಅಕ್ಕನ ಪಾಲಿಗೇ ಬಂದವು.

"ನನಗೆ ಬೇಡವೇ ಬೇಡ ಅಂದುಬಿಟ್ಟಿದ್ದೆ. ಇವಳು ಬಿಡಬೇಕಲ್ಲ! ಮನೆಗೆ ಬಂದು ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಇಟ್ಟು, 'ನನ್ನ ದನಿ ಹೇಳದೆ ಕೇಳದೆ ಹೋಯ್ತು, ನಿಂದು ಹೋಗೋ ಮುಂಚೆ ಹಾಡು' ಅಂದ್ಲು. ಬೈದಂಗೆ ಹೇಳಿದ್ಲು. ಎದ್ದು ನಿಂತೆ," ಎನ್ನುತ್ತಾರೆ ಅಕ್ಕ.

ಇವತ್ತೂ ಪಕ್ಕದ್ಮನೆ ಬಂದಿದ್ದಾರೆ. ಬಾಗಿಲ ಹತ್ತಿರದ ಬೆಂಚಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಉಸಿರು ಬಿಡಲೂ ಹೆದರಿಕೊಂಡು ಕೂತಿದ್ದಾರೆ. ಉಳಿದಿರುವುದು ಅವರ ಪಾಲಿನದೇ ಹಾಡು, ಅವರಿಗೆ ಅಚ್ಚುಮೆಚ್ಚಿನದು. ಆ ಹಾಡಿನಲ್ಲಿ, ನೆಂಟರೆಲ್ಲ ಹೋದಮೇಲೆ ಮನೆಗೆಲಸದ ಹೆಂಗಸೊಬ್ಬಳು ಕೋಣೆ ಕೋಣೆಗೆ ಹೋಗಿ ದೀಪ ಆರಿಸುತ್ತಾಳೆ. ಕೊನೆಯ ದೀಪದ ಮುಂದೆ ನಿಂತು ಅದರ ಜೊತೆ ಮಾತಾಡುತ್ತಾಳೆ. 'ಮಲಗು ಪುಟ್ಟ ಬೆಳಕೇ, ನಾಳೆ ಹಚ್ಚುವಾಗ ನನ್ನ ಮುಖದ ಗುರುತು ಇಟ್ಟುಕೊಂಡಿರು' ಅನ್ನುವುದು ಆ ಕೊನೆಯ ಸಾಲಿನ ಅರ್ಥ. ದೊಡ್ಡಪ್ಪ ಈ ಸಾಲನ್ನು ಉದ್ದಕ್ಕೆ ಎಳೆದು, ಕುಗ್ಗಿಸುತ್ತಾ ಕುಗ್ಗಿಸುತ್ತಾ ಸೊನ್ನೆಗೆ ತಂದಿದ್ದಾನೆ. ಒಂದೇ ಉಸಿರಿನಲ್ಲಿ ಹಾಡಬೇಕು. ದೀಪ ಸಣ್ಣಗಾಗುತ್ತಾ ಆರುವ ಸಾಲು ಅದು.

ಮೊದಲ ಸಲ ಹಾಡುತ್ತಾರೆ. ಎಷ್ಟು ಚೆನ್ನಾಗಿದೆ! ಅಕ್ಕನ ದನಿಯಲ್ಲಿ ಥಳುಕಿಲ್ಲ, ಬಿಸಿಯಿದೆ. ದೀಪಗಳು ಒಂದೊಂದೇ ಆರುತ್ತಾ ಬರುತ್ತವೆ. ಕೊನೆಯ ಸಾಲು ಶುರುವಾಗುತ್ತದೆ, 'ಮಲಗು ಪುಟ್ಟ' ಅನ್ನುವಷ್ಟರಲ್ಲಿ ಅಕ್ಕ ಸಣ್ಣಗೆ ಉಸಿರು ತೆಗೆದುಕೊಂಡುಬಿಡುತ್ತಾರೆ. ತಾವೇ ತಲೆ ಚಚ್ಚಿಕೊಳ್ಳುತ್ತಾರೆ. ಇನ್ನೊಂದು ಸಲ. ಅದೇ ಜಾಗ, ಅದೇ ಉಸಿರು. ಮತ್ತೊಂದು ಸಲ. ಮತ್ತೆ ಅಲ್ಲೇ.

ಉಸಿರು ಸಾಲದೆ ಅಲ್ಲ. ರಂಗಮಂದಿರದಲ್ಲೇ ಗಟ್ಟಿ ಎದೆ ಅಕ್ಕನದು. ಇದು ಮೇಳದವರಿಗೆ ಮಾತ್ರ ಬರುವ ಕಾಯಿಲೆ. ಮೇಳದ ಹಾಡಿನಲ್ಲಿ ಉದ್ದನೆಯ ಸಾಲು ಬಂದರೆ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವ ಹಾಗಿಲ್ಲ, ದನಿ ಕಡಿದುಹೋಗುತ್ತದೆ. ಅದಕ್ಕೆ ಪಕ್ಕದವರ ಜೊತೆ ಸರದಿ ಮಾಡಿಕೊಂಡಿರುತ್ತಾರೆ. ಅಕ್ಕ ಸಾಲಿನ ಶುರುವಿನಲ್ಲೇ ಉಸಿರು ತೆಗೆದುಕೊಳ್ಳಬೇಕು, ಆಗ ಪಕ್ಕದ್ಮನೆ ಹಾಡುತ್ತಿರುತ್ತಾರೆ. ಪಕ್ಕದ್ಮನೆ ಆಮೇಲೆ ತೆಗೆದುಕೊಳ್ಳಬೇಕು, ಆಗ ಅಕ್ಕ ಹಾಡುತ್ತಿರುತ್ತಾರೆ. ಕೆಳಗೆ ಕೂತವರಿಗೆ ಕೊನೆಯೇ ಇಲ್ಲದ ಒಂದು ದನಿ ಕೇಳಿಸುತ್ತದೆ. ಸರದಿ ಬಂದಾಗ ಪಕ್ಕದ್ಮನೆ ಕಿರುಬೆರಳಿನಿಂದ ಅಕ್ಕನ ಮಣಿಕಟ್ಟನ್ನು ಮುಟ್ಟುತ್ತಿದ್ದರು. ವೇಷ ಯಾವುದೇ ಇರಲಿ, ಕೈದಿಯಾಗಲಿ ದೆವ್ವವಾಗಲಿ, ಆ ಕಿರುಬೆರಳು ತಪ್ಪುತ್ತಿರಲಿಲ್ಲ. ಮೂವತ್ತು ವರ್ಷದ ಆ ಅಭ್ಯಾಸ ಬಿಡು ಅಂದರೆ ಬಿಡುತ್ತದೆಯೇ?

"ಬೆರಳು ಮುಟ್ಟಿದಂಗೇ ಆಗುತ್ತೆ ಕಣ್ರೀ. ಯಾರೂ ಇಲ್ಲ ಅಂತ ಗೊತ್ತು. ಆದ್ರೂ ಮುಟ್ಟಿದಂಗಾಗುತ್ತೆ," ಎಂದು ಅಕ್ಕ ಮಣಿಕಟ್ಟು ತಿಕ್ಕಿಕೊಳ್ಳುತ್ತಾರೆ.

ಮೇಷ್ಟ್ರು ಪೆಪ್ಪರ್‌ಮಿಂಟನ್ನು ಕೆನ್ನೆಗೆ ಒತ್ತರಿಸಿ, "ಆ ಉಸಿರನ್ನ ಕತ್ತರಿಸಿ ಹಾಕೋಕಾಗಲ್ವೇನಪ್ಪಾ?" ಎಂದು ಕೇಳುತ್ತಾರೆ. ಕಿವಿ ಆಗುವುದಿಲ್ಲವೆಂದು ತಲೆಯಾಡಿಸುತ್ತಾರೆ. "ಉಸಿರನ್ನ ಕತ್ತರಿಸಬಹುದು ಮೇಷ್ಟ್ರೇ. ಆದ್ರೆ ಉಸಿರು ತಗೊಂಡ ಮೇಲೆ ಬರೋ ದನಿ ತಾಜಾ ಆಗಿರುತ್ತಲ್ಲ, ಅದನ್ನೇನು ಮಾಡೋದು? ಆರಬೇಕಾದ ದೀಪ ಮತ್ತೆ ಭಗ್ ಅಂತ ಹತ್ತಿಕೊಂಡಂಗೆ ಕೇಳುತ್ತೆ."

ಹೊರಗೆ ಬೆಳಕು ಹರಿದಿದೆ. ಕಿಟಕಿಯ ಕಟ್ಟೆಯ ಮೇಲಿನ ಕೈಗಡಿಯಾರವನ್ನು ನೋಡಬಾರದು ಅಂದುಕೊಂಡೇ ಎಲ್ಲರೂ ನೋಡುತ್ತಾರೆ. ಆಗ ಕಿವಿಗೆ ಒಂದು ಉಪಾಯ ಹೊಳೆಯುತ್ತದೆ. "ಅಮ್ಮಾ, ನೀವು ಅಕ್ಕನ ಎಡಗಡೆ ನಿಂತ್ಕೊಳ್ಳಿ. ಪಕ್ಕದಲ್ಲಿದ್ದರೆ ಅವರಿಗೂ ಧೈರ್ಯ," ಎಂದು ಪಕ್ಕದ್ಮನೆಯನ್ನು ಕರೆಯುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೇ. ಪಕ್ಕದ್ಮನೆ ಚಪ್ಪಲಿ ಬಿಟ್ಟು, ಮೆಲ್ಲಗೆ ಬಂದು, ತಮ್ಮ ಹಳೇ ಜಾಗದಲ್ಲಿ ನಿಲ್ಲುತ್ತಾರೆ. ಎರಡು ವರ್ಷದ ಮೇಲೆ ಆ ಜಾಗ ತುಂಬಿದೆ. ಅಕ್ಕನ ಮುಖ ನೋಡಬೇಕು ಆಗ, ಹುಡುಗಿಯ ಹಾಗೆ ಅರಳುತ್ತದೆ. ಬೆರಳು ಎಲ್ಲಿ ಹೋಗಿ ಮುಟ್ಟೀತೋ ಎಂದು ಪಕ್ಕದ್ಮನೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ.

ಹಾಡು ಹಿಂದಿನ ಎಲ್ಲ ಸಲಕ್ಕಿಂತ ಸೊಗಸಾಗಿ ಬರುತ್ತದೆ. ಪಕ್ಕದ್ಮನೆಯ ತುಟಿಯೂ ಜೊತೆಗೆ ಅಲುಗುತ್ತದೆ, ಸದ್ದಿಲ್ಲ. ಕೊನೆಯ ಸಾಲು. 'ಮಲಗು ಪುಟ್ಟ'... ಅಕ್ಕ ನಿಶ್ಚಿಂತೆಯಾಗಿ, ಕಣ್ಣು ಮುಚ್ಚಿ, ಎದೆತುಂಬ ಉಸಿರು ತೆಗೆದುಕೊಳ್ಳುತ್ತಾರೆ. ಆ ಒಂದು ಗಳಿಗೆ ಪಕ್ಕದಿಂದ ದನಿ ಬರಬೇಕಿತ್ತು. ಪಕ್ಕದ್ಮನೆಯ ಬಾಯಿ ತೆರೆದೇ ಇದೆ, ದನಿ ಬರಲಿಲ್ಲ.

ಪಿಯಾನೊ ನಿಲ್ಲುತ್ತದೆ. ಅಕ್ಕ ಕಣ್ಣು ಬಿಟ್ಟು, ತಾವು ಮಾಡಿದ್ದೇನು ಅನ್ನುವುದು ಅರ್ಥವಾಗಿ, ಗೆಳತಿಯ ಕೈ ಹಿಡಿದುಕೊಳ್ಳುತ್ತಾರೆ. "ತಪ್ಪಾಯ್ತು ಕಣೇ," ಅನ್ನುತ್ತಾರೆ, ಕಣ್ಣಲ್ಲಿ ನೀರು. ಪಕ್ಕದ್ಮನೆ ಕೈ ಬಿಡಿಸಿಕೊಂಡು ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೆ ಹಾಕಿ ಬಾಗಿಲ ಕಡೆ ನಡೆಯುತ್ತಾರೆ.

"ಎಲ್ಲಿಗೆ ಹೊರಟೆ? ಕೋಪ ಮಾಡ್ಕೊಂಡ್ಯಾ?" ಅಕ್ಕನಿಗೆ ಜೀವ ಬಾಯಿಗೆ ಬಂದಿದೆ.

"ಕೋಪ ಎಲ್ಲಿಂದ ಬಂತೇ ಹುಚ್ಚಿ," ಪಕ್ಕದ್ಮನೆಯ ಒಣದನಿ ಖಾಲಿ ಸಭಾಂಗಣದಲ್ಲಿ ಕಿವಿಗೊಟ್ಟರೆ ಮಾತ್ರ ಕೇಳುತ್ತದೆ. "ನಾನು ಇಲ್ಲಿರೋತನಕ ನೀನು ಉಸಿರು ತಗೊಳ್ತಾನೇ ಇರ್ತೀಯ. ಪಕ್ಕದ್ಮನೆ ಖಾಲಿ ಆಯ್ತು ಅಂದ್ಕೋ. ಒಬ್ಬಳೇ ಹಾಡು."

ಬಾಗಿಲು ಮುಚ್ಚಿಕೊಳ್ಳುತ್ತದೆ. ಅಕ್ಕ ಬಹಳ ಹೊತ್ತು ಎಡಗಡೆಯ ಖಾಲಿ ನೆಲವನ್ನು ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಮೂಗು ಒರೆಸಿಕೊಂಡು, ಬಿಸಿನೀರು ಒಂದು ಗುಟುಕು ಕುಡಿದು, ಯಾವತ್ತೂ ಮಾಡದ ಒಂದು ಕೆಲಸ ಮಾಡುತ್ತಾರೆ. ಇಷ್ಟು ದಿನವೂ ಮೈಕಿನ ಮುಂದೆ ಎಡಗಡೆ ಒಬ್ಬರಿಗೆ ಜಾಗ ಬಿಟ್ಟೇ ನಿಲ್ಲುತ್ತಿದ್ದರು, ಯಾರೂ ಗಮನಿಸಿರಲಿಲ್ಲ. ಈಗ ಒಂದು ಹೆಜ್ಜೆ ಸರಿದು ನಟ್ಟನಡುವೆ ನಿಲ್ಲುತ್ತಾರೆ. ಕಿವಿ ಅವಸರವಸರವಾಗಿ ಮೈಕನ್ನು ಸರಿಸಿ ಕೊಡುತ್ತಾರೆ. ಮೇಷ್ಟ್ರು ಹೊಸ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಳ್ಳುತ್ತಾರೆ.

ಹೊರಗೆ, ಹೇಳಿದ್ದಕ್ಕಿಂತ ಬೇಗನೇ, ಬಡಗಿಗಳು ಬಂದಿದ್ದಾರೆ. ಒಳಗೆ ಕೇಳಿಸುವಂತೆ ಮಾತಾಡುತ್ತಾ ಮೆಟ್ಟಿಲು ಹತ್ತುತ್ತಿದ್ದವರಿಗೆ ಪಕ್ಕದ್ಮನೆ ಅಡ್ಡ ನಿಂತಿದ್ದಾರೆ. ಕೂಗಿ ಗದರಿಸಲು ದನಿಯಿಲ್ಲ. ತುಟಿಯ ಮೇಲೆ ಬೆರಳು, ಕಣ್ಣಲ್ಲಿ ಕೆಂಡ. ನಾಲ್ಕು ಮಂದಿ ಗಟ್ಟಿಮುಟ್ಟಾದ ಗಂಡಸರು ಸುತ್ತಿಗೆ ಹಿಡಿದುಕೊಂಡು ಗರ ಬಡಿದವರಂತೆ ನಿಂತುಬಿಟ್ಟಿದ್ದಾರೆ.

ಒಳಗೆ ಹಾಡಿನ ದೀಪಗಳು ಒಂದೊಂದಾಗಿ ಆರುತ್ತಿವೆ. ಕೊನೆಯ ಸಾಲು ಬರುತ್ತದೆ. 'ಮಲಗು ಪುಟ್ಟ'... ಅಕ್ಕನ ಎಡಗೈಯ ಮಣಿಕಟ್ಟು ಒಮ್ಮೆ ಅದುರುತ್ತದೆ, ಅದನ್ನು ಕಂಡು 'ಕಿವಿ'ಯವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ದನಿ ನಿಲ್ಲಲಿಲ್ಲ. 'ಬೆಳಕೇ' ದಾಟಿತು. 'ನಾಳೆ ಹಚ್ಚುವಾಗ' ದಾಟಿತು. ಸಣ್ಣಗಾಗುತ್ತಾ, ಇನ್ನೂ ಸಣ್ಣಗಾಗುತ್ತಾ, ಎಲ್ಲೂ ತುಂಡಾಗದೆ, ಇದೆಯೋ ಇಲ್ಲವೋ ಅನ್ನುವ ಹಾಗೆ ಆಗಿ, ಇಲ್ಲವಾಗುತ್ತದೆ. ಯಾರೂ ಕದಲುವುದಿಲ್ಲ. ಮರದ ಗೋಡೆಗಳಲ್ಲಿ ಉಳಿದ ಸದ್ದು ಪೂರ್ತಿ ಆರುವತನಕ ಕಾಯುವುದು ಇಲ್ಲಿನ ಕಟ್ಟಳೆ. ಕಾಯುತ್ತಾರೆ. ಕೊನೆಗೆ, ಆಯಿತು ಅಂತ, ಕಿವಿ ನಿಧಾನಕ್ಕೆ ಕೈ ಎತ್ತುತ್ತಾರೆ.

ಮೇಷ್ಟ್ರು, "ಅಬ್ಬಬ್ಬಾ!" ಅನ್ನಲು ಹೋಗಿ ಪೆಪ್ಪರ್‌ಮಿಂಟು ನುಂಗಿ ಕೆಮ್ಮುತ್ತಾರೆ. ಅಕ್ಕ ಮಾತ್ರ ಯಾರ ಕಡೆಗೂ ನೋಡದೆ ಬರಿಗಾಲಲ್ಲೇ ಓಡಿಹೋಗಿ ಬಾಗಿಲು ತೆರೆಯುತ್ತಾರೆ. ಪಕ್ಕದ್ಮನೆ ಬಡಗಿಗಳ ಸಾಮಾನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಿದ್ದಾರೆ. ಮುಖ ಕೆಂಪಗಾಗಿದೆ, ಎದೆ ಏರಿಳಿಯುತ್ತಿದೆ. ಬಡಗಿಯೊಬ್ಬ ಗಾಬರಿಯಾಗಿ ತನ್ನ ನೀರಿನ ಬಾಟಲಿ ಹಿಡಿದು ನಿಂತಿದ್ದಾನೆ.

"ನಡುವೆ ಉಸಿರು ತಗೊಂಡ್ಯಾ?" ಎಂದು ಪಕ್ಕದ್ಮನೆ ಕೇಳುತ್ತಾರೆ.

"ಇಲ್ವೇ. ತಗೊಳ್ಳಲಿಲ್ಲ."

"ನಾನೂ ತಗೊಳ್ಳಲಿಲ್ಲ," ಎನ್ನುತ್ತಾರೆ ಪಕ್ಕದ್ಮನೆ, ಇನ್ನೂ ಏದುಸಿರು ಬಿಡುತ್ತಾ.